ಎಲ್ಲರಂತಿಲ್ಲದ ಹುಡುಗನ ಐತಿಹಾಸಿಕ ಕಾದಂಬರಿ: ಬರೆಯಲು ಹೊರಟವರಿಗೆ

ಈ ಬಗೆಯ ಕಾದಂಬರಿ ಬರೆಯುವ ಆಸೆ ಬಹಳ ಜನಕ್ಕಿದೆ. ಹಳೆಯ ಕಾಲ. ಒಬ್ಬ ಹುಡುಗ ಅಥವಾ ಹುಡುಗಿ. ಮೈಕಟ್ಟು ಎಲ್ಲರ ಹಾಗಿಲ್ಲ, ಊರು ದೂರ ಇಡುತ್ತದೆ, ಅದರ ನಡುವೆಯೇ ಬೆಳೆದು ದೊಡ್ಡವರಾಗಬೇಕು. ಕೇಳೋಕೆ ಚೆನ್ನಾಗಿದೆ. ಬರೆಯಲು ಕೂತರೆ ಮಾತ್ರ ಮೂವತ್ತನೇ ಪುಟಕ್ಕೆ ಬಂಡಿ ನಿಲ್ಲುತ್ತದೆ. ಅಷ್ಟರಲ್ಲಿ ನಾಲ್ಕು ಸಲ ಯಾರೋ ಹಂಗಿಸಿರುತ್ತಾರೆ, ನಾಲ್ಕು ಸಲ ಹುಡುಗ ಮೂಲೆಯಲ್ಲಿ ಕೂತು ಅತ್ತಿರುತ್ತಾನೆ. ಐದನೇ ಸಲಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ.

ನನಗೆ ಕಾಣುವ ಕಾರಣ ಇಷ್ಟೇ: ಬರೆಯುವವರು ಆ ದೇಹವನ್ನು ಒಂದು ದುಃಖವಾಗಿ ಮಾತ್ರ ನೋಡಿರುತ್ತಾರೆ. ಆದರೆ ಆ ದೇಹ ಬೆಳಗ್ಗೆ ಎದ್ದು ಬಟ್ಟೆ ತೊಡಬೇಕು, ಮೆಟ್ಟಿಲು ಹತ್ತಬೇಕು, ದುಡಿಯಬೇಕು, ರಾತ್ರಿ ಮಗ್ಗುಲು ಬದಲಿಸಬೇಕು. ಅದೂ ಆ ವರ್ಷದಲ್ಲಿ, ಆ ಊರಿನಲ್ಲಿ. ಕಾದಂಬರಿ ಹುಟ್ಟುವುದು ಅಲ್ಲಿ.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಬ್ಬ ಕಾಲ್ಪನಿಕ ಹುಡುಗನನ್ನು ಜೊತೆಗೆ ಇಟ್ಟುಕೊಳ್ಳೋಣ. ಹೆಸರು ನೆಡ್. ಹುಟ್ಟಿದ್ದು 1734ರ ಸೆಪ್ಟೆಂಬರ್ 8. ಹದಿನಾಲ್ಕು ತುಂಬಿದ ಕೂಡಲೇ, 1748ರಲ್ಲಿ, ಲಂಡನ್ನಿನ ಒಬ್ಬ ದರ್ಜಿಯ ಹತ್ತಿರ ಕೆಲಸ ಕಲಿಯಲು ಸೇರಿದ್ದಾನೆ. ಸದ್ಯಕ್ಕೆ ಅವನ ಬೆನ್ನು ನೆಟ್ಟಗಿದೆ.

ಹೆಜ್ಜೆ 1: ದೇಹಕ್ಕಿಂತ ಮೊದಲು ಊರು ಮತ್ತು ವರ್ಷ ಗೊತ್ತುಮಾಡಿ

ತುಂಬ ಜನ ಮೊದಲು ಊನ ಆರಿಸಿಕೊಂಡು ಆಮೇಲೆ ಕಾಲ ಹುಡುಕುತ್ತಾರೆ. ತಿರುಗಿಸಿ ಮಾಡಿ. ಒಂದೇ ದೇಹ ಒಂದು ಊರಿನಲ್ಲಿ ಮಾಮೂಲಿ, ಇನ್ನೊಂದು ಊರಿನಲ್ಲಿ ಅಪರಾಧ.

ಅಮೆರಿಕದ ಪೂರ್ವ ಕರಾವಳಿಯಾಚೆ ಇರುವ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪವನ್ನೇ ನೋಡಿ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಸುಮಾರು 155 ಜನಕ್ಕೆ ಒಬ್ಬರು ಹುಟ್ಟು ಕಿವುಡರು. ಚಿಲ್‌ಮಾರ್ಕ್ ಎಂಬ ಊರಿನಲ್ಲಂತೂ 25 ಜನಕ್ಕೆ ಒಬ್ಬರು. ಹಾಗಾಗಿ ಅಲ್ಲಿ ಕಿವಿ ಕೇಳುವವರೂ ಕೈಸನ್ನೆಯ ಭಾಷೆ ಆಡುತ್ತಿದ್ದರು. ಇಬ್ಬರೂ ಕೇಳುವವರೇ ಆಗಿದ್ದರೂ ಒಂದು ದೋಣಿಯಿಂದ ಇನ್ನೊಂದಕ್ಕೆ ಕೈಯಲ್ಲೇ ಮಾತು. ಇಂಥ ಊರಿನ ಕಿವುಡ ಹುಡುಗಿ ಹೊರಗಿನವಳೇ ಅಲ್ಲ. ಅವಳು ಮೊದಲ ಸಲ ಹೊರಗಿನವಳಾಗುವುದು ದೋಣಿಯಿಂದ ಆಚೆ ದಡದಲ್ಲಿ ಇಳಿದ ಮೇಲೆ. ಆಚೆ ದಡದ ಹಾರ್ಟ್‌ಫರ್ಡ್ ನಗರದಲ್ಲಿ 1817ರಲ್ಲಿ ಕಿವುಡರ ಶಾಲೆ ಶುರುವಾಯಿತು, ದ್ವೀಪದ ಮಕ್ಕಳು ಅಲ್ಲಿಗೆ ಓದಲು ಹೋಗುತ್ತಿದ್ದರು. ಆ ಪ್ರಯಾಣವೇ ಒಂದು ಕಾದಂಬರಿಯ ಮೊದಲ ಭಾಗ ಆಗಬಹುದು, ಅಲ್ವಾ?

ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ. ಊನವಿರುವವರು ಬೀದಿಯಲ್ಲಿ ಕಾಣಿಸಿಕೊಂಡು ಬೇಡುವುದನ್ನು ಆ ನಗರ 1867ರಲ್ಲಿ ಕಾನೂನು ತಂದು ನಿಷೇಧಿಸಿತು. ಶಿಕಾಗೋ 1881ರಲ್ಲಿ ಅದೇ ದಾರಿ ಹಿಡಿಯಿತು. 1866ರ ಕಥೆಯಲ್ಲಿ ಪೊಲೀಸ್ ಬೇಡುವವನನ್ನು ನೋಡಿ ಮುಂದೆ ಹೋಗುತ್ತಾನೆ. 1868ರ ಕಥೆಯಲ್ಲಿ ಹಿಡಿಯುತ್ತಾನೆ. ವರ್ಷ ಗೊತ್ತುಮಾಡದೆ ಈ ದೃಶ್ಯ ಬರೆಯಲು ಆಗುವುದಿಲ್ಲ.

ವರ್ಷ ಗಟ್ಟಿಯಾದ ಮೇಲೆ ಆ ವರ್ಷದ ವಿಚಿತ್ರಗಳನ್ನು ಹುಡುಕಿ. ನಮ್ಮ ನೆಡ್‌ಗೆ ಒಂದು ಸಿಕ್ಕಿದೆ. ಬ್ರಿಟನ್ 1752ರಲ್ಲಿ ಪಂಚಾಂಗ ಬದಲಿಸಿತು. ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14. ನಡುವಿನ 11 ದಿನ ಮಾಯ. ನೆಡ್‌ಗೆ ಹದಿನೆಂಟು ತುಂಬಬೇಕಿದ್ದ ಸೆಪ್ಟೆಂಬರ್ 8 ಆ ವರ್ಷ ಬರಲೇ ಇಲ್ಲ! ಜೊತೆಗೆಲಸದ ಹುಡುಗರು ಇದನ್ನು ಬಿಡುತ್ತಾರಾ? "ನಿನಗಿನ್ನೂ ಹದಿನೇಳೇ ಕಣೋ" ಅಂತ ವರ್ಷವಿಡೀ ಕಾಡಿಸುತ್ತಾರೆ. ಬೆನ್ನಿನ ವಿಷಯ ಬಿಟ್ಟು ಬೇರೆ ಯಾವುದಕ್ಕಾದರೂ ಅವನನ್ನು ಗೇಲಿ ಮಾಡುವುದು ಎಷ್ಟು ಮುಖ್ಯ ಅನ್ನುವುದು ಬರೆಯುತ್ತಾ ಹೋದಂತೆ ತಿಳಿಯುತ್ತದೆ. ಗೆಳೆತನ ಶುರುವಾಗುವುದು ಇಂಥ ಕಡೆಯೇ.

ಒಂದು ಎಚ್ಚರಿಕೆ: 1752ಕ್ಕಿಂತ ಮುಂಚೆ ಇಂಗ್ಲೆಂಡಿನ ಸರ್ಕಾರಿ ಲೆಕ್ಕದಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಹಳೆಯ ಕಾಗದದಲ್ಲಿ "1749 ಫೆಬ್ರುವರಿ" ಅಂತಿದ್ದರೆ ನಮ್ಮ ಲೆಕ್ಕಕ್ಕೆ ಅದು 1750 ಆಗಿರಬಹುದು.

ಹೆಜ್ಜೆ 2: "ಇವನೇ ಯಾಕೆ ಹೊರಗಿನವನು?" ಅಂತ ಕೇಳಿಕೊಳ್ಳಿ

ಹದಿನೆಂಟನೇ ಶತಮಾನದ ಲಂಡನ್ ಬೀದಿಯಲ್ಲಿ ಸಿಡುಬಿನ ಕಲೆ ತುಂಬಿದ ಮುಖ, ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗದಿಂದ ಬಾಗಿದ ಕಾಲು, ಬೆರಳು ಹೋದ ಕೈ ಎಲ್ಲ ಮಾಮೂಲಿ. ಓಡಿಹೋದ ಆಳುಗಳನ್ನು ಹುಡುಕಿಕೊಡಿ ಅಂತ ಆಗಿನ ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತಿತ್ತು. ಅದರಲ್ಲಿ ಕೋಟಿನ ಬಣ್ಣ ಬರೆದಷ್ಟೇ ಸಲೀಸಾಗಿ ಕುಂಟು ನಡಿಗೆ, ಸಿಡುಬಿನ ಗುರುತು, ಓರೆಗಣ್ಣು ಎಲ್ಲ ಬರೆದಿರುತ್ತಾರೆ. ಅಂಥ ಗುಂಪಿನಲ್ಲಿ ಒಂದು ಬಾಗಿದ ಬೆನ್ನು ತಾನಾಗಿಯೇ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ಊನದ ಜೊತೆ ಇನ್ನೊಂದು ಕಾರಣ ಸೇರಬೇಕು. ಕಸುಬು, ಧರ್ಮ, ಅನಾಥತನ, ಆಸ್ತಿ, ಏನಾದರೂ ಸರಿ.

ನೆಡ್‌ಗೆ ನಾನು ಕಸುಬನ್ನು ಆರಿಸುತ್ತೇನೆ. ದರ್ಜಿಗಳು ಕಿಟಕಿಯ ಪಕ್ಕದ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹೊಲಿಯುತ್ತಿದ್ದರು. ಕೂತು ಮಾಡುವ ಕೆಲಸ ಆದ್ದರಿಂದ ಕಾಲು ಸರಿಯಿಲ್ಲದ ಹುಡುಗರನ್ನು ಇಂಥ ಕಸುಬಿಗೆ ಸೇರಿಸುವುದೂ ಇತ್ತು. ಅಂದರೆ ಹಿಂದಿನ ಕೋಣೆಯಲ್ಲಿ ನೆಡ್ ಏನೂ ವಿಶೇಷ ಅಲ್ಲ. ಪಕ್ಕದಲ್ಲಿ ಕೂತವನಿಗೇ ಒಂದು ಕಾಲು ಗಿಡ್ಡ ಇರಬಹುದು. ತೊಂದರೆ ಇರುವುದು ಮುಂದಿನ ಕೋಣೆಯಲ್ಲಿ. ಅಲ್ಲಿ ಸಿರಿವಂತ ಗಿರಾಕಿಗಳು ಕನ್ನಡಿ ಮುಂದೆ ನಿಲ್ಲುತ್ತಾರೆ. ನೆಟ್ಟಗೆ ಕಾಣಲು ದುಡ್ಡು ಕೊಡುವವರ ಮುಂದೆ ಗೂನುಬೆನ್ನಿನವನು ಅಳತೆ ಪಟ್ಟಿ ಹಿಡಿದು ನಿಂತರೆ ಯಜಮಾನನಿಗೆ ಮುಜುಗರ. ಅವನು ಕೆಟ್ಟವನೇನಲ್ಲ. ವ್ಯಾಪಾರ ನೋಡುತ್ತಾನೆ ಅಷ್ಟೇ.

ಈಗ ನಿಮಗೆ ಒಂದು ಬಾಗಿಲು ಸಿಕ್ಕಿತು. ಹಿಂದಿನ ಕೋಣೆಗೂ ಮುಂದಿನ ಕೋಣೆಗೂ ನಡುವಿನ ಬಾಗಿಲು. ಇಡೀ ಕಾದಂಬರಿಯಲ್ಲಿ ನೆಡ್ ಅದನ್ನು ಯಾವಾಗ ದಾಟುತ್ತಾನೆ, ಯಾರು ತಡೆಯುತ್ತಾರೆ, ಯಾರಿಗೆ ತುರ್ತು ಬಿದ್ದಾಗ ಕರೆಯುತ್ತಾರೆ ಅಂತ ಲೆಕ್ಕ ಹಾಕಿದರೆ ಅರ್ಧ ಕಥೆ ಬಂದ ಹಾಗೆ.

ಹೆಜ್ಜೆ 3: ಒಂದು ದಿನವನ್ನು ಪೂರ್ತಿ ಬರೆಯಿರಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಕಥೆ ಬೇಡ, ಭಾವನೆ ಬೇಡ. ಬೆಳಗ್ಗೆಯಿಂದ ರಾತ್ರಿವರೆಗೆ ಆ ದೇಹ ಏನು ಮಾಡುತ್ತದೆ ಅನ್ನುವುದಷ್ಟೇ ಸಾಕು. ಯಾವ ಕಡೆಗೆ ಮಲಗುತ್ತಾನೆ? ಅಂಗಿಯ ಯಾವ ತೋಳು ಮೊದಲು? ನೀರಿನ ಬಕೆಟ್ಟು ಯಾವ ಕೈಯಲ್ಲಿ? ಕೆಂಡದಲ್ಲಿ ಕಾಯಿಸಿದ ಭಾರದ ಇಸ್ತ್ರಿಪೆಟ್ಟಿಗೆ ಎತ್ತುವಾಗ ಉಸಿರು ಎಲ್ಲಿ ಹಿಡಿಯುತ್ತದೆ? 1721ರ ಕಾನೂನಿನ ಪ್ರಕಾರ ಲಂಡನ್ ದರ್ಜಿ ಕೆಲಸಗಾರರ ದಿನ ಬೆಳಗ್ಗೆ 6ರಿಂದ ರಾತ್ರಿ 8ರವರೆಗೆ. ಅಷ್ಟು ಹೊತ್ತು ಬಾಗಿ ಕೂತ ಬೆನ್ನು ಸಂಜೆ ಐದಕ್ಕೆ ಏನು ಹೇಳುತ್ತದೆ?

ಇಂಥ ಪ್ರಶ್ನೆ ಕೇಳುತ್ತಾ ಹೋದರೆ ವಸ್ತುಗಳು ತಾವಾಗಿ ಬರುತ್ತವೆ. ಒಂದನ್ನು ಹತ್ತಿರದಿಂದ ನೋಡೋಣ. ಆಗ ಇಂಚಿನ ಟೇಪು ಬಳಕೆಯಲ್ಲಿರಲಿಲ್ಲ. ದರ್ಜಿ ಪ್ರತಿ ಗಿರಾಕಿಗೂ ಉದ್ದನೆಯ ಒಂದು ಕಾಗದದ ಅಥವಾ ತೊಗಲಿನ ಪಟ್ಟಿ ಇಡುತ್ತಿದ್ದ. ಮೈಗೆ ಹಿಡಿದು, ಭುಜ ಬಂದ ಕಡೆ ಒಂದು ಕಚ್ಚು, ಸೊಂಟ ಬಂದ ಕಡೆ ಇನ್ನೊಂದು ಕಚ್ಚು ಹಾಕುತ್ತಿದ್ದ. ಅಂಕಿ ಇಲ್ಲ, ಲೆಕ್ಕ ಇಲ್ಲ. ಆ ಪಟ್ಟಿ ಒಬ್ಬನಿಗೆ ಮಾತ್ರ ಸೇರಿದ್ದು.

ನೆಡ್ ಸೇರಿದಾಗ ಯಜಮಾನ ಅವನಿಗೂ ಒಂದು ಕೋಟು ಹೊಲಿಯುತ್ತಾನೆ, ಪಟ್ಟಿ ಮೊಳೆಗೆ ನೇತುಹಾಕುತ್ತಾನೆ. ಒಂದು ವರ್ಷದ ನಂತರ ಕೋಟಿನ ಬಲಗಡೆ ಅಂಚು ಮೇಲಕ್ಕೆ ಹೋಗಿರುತ್ತದೆ. "ಬೆಳೆದಿದ್ದಾನೆ" ಅಂದುಕೊಂಡು ಯಜಮಾನ ಹಳೆಯ ಪಟ್ಟಿ ತೆಗೆದು ಬಲಭುಜದಿಂದ ಹಿಡಿಯುತ್ತಾನೆ. ಕಚ್ಚು ಸರಿಯಾಗಿ ಕೂರುವುದಿಲ್ಲ. ಎಡಭುಜದಿಂದ ಹಿಡಿಯುತ್ತಾನೆ. ಅಲ್ಲಿ ಬೇರೆ ಅಳತೆ. ಮಾತಾಡದೆ ಇನ್ನೊಂದು ಪಟ್ಟಿ ಕತ್ತರಿಸಿ, ಎರಡನ್ನೂ ಒಟ್ಟಿಗೆ ಗಂಟು ಹಾಕಿ ಅದೇ ಮೊಳೆಗೆ ನೇತುಹಾಕುತ್ತಾನೆ. ಆ ಅಂಗಡಿಯಲ್ಲಿ ಎರಡು ಪಟ್ಟಿ ಇರುವುದು ನೆಡ್ ಒಬ್ಬನಿಗೇ. ವೈದ್ಯನಿಗಿಂತ ಮೊದಲು, ತಾಯಿಗಿಂತ ಮೊದಲು, ದರ್ಜಿಗೆ ತಿಳಿಯಿತು.

ಈ ದೃಶ್ಯದಲ್ಲಿ ಯಾರೂ ಅಳಲಿಲ್ಲ ನೋಡಿ.

ಬೆನ್ನು ಹೀಗೆ ಹದಿಹರೆಯದಲ್ಲಿ ಬಾಗುವುದು ಸುಳ್ಳಲ್ಲ. ಇಂಗ್ಲೆಂಡಿನ ಮೂರನೇ ರಿಚರ್ಡ್ ರಾಜನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್‌ನ ಒಂದು ಕಾರ್ ಪಾರ್ಕಿಂಗ್ ಕೆಳಗೆ ಸಿಕ್ಕಿತು. ಪರೀಕ್ಷಿಸಿದವರು ಹೇಳಿದ್ದು: ಬೆನ್ನುಮೂಳೆ ಪಕ್ಕಕ್ಕೆ ಜೋರಾಗಿ ಬಾಗಿತ್ತು, ಆದರೆ ಬಾಗಲು ಶುರುವಾದದ್ದು ಹತ್ತು ವರ್ಷದ ಮೇಲೆ. ಒಂದು ಭುಜ ಸ್ವಲ್ಪ ಎತ್ತರ ಇರುತ್ತಿತ್ತು, ಒಳ್ಳೆಯ ದರ್ಜಿ ಹೊಲಿದ ಬಟ್ಟೆಯಲ್ಲಿ ಅದನ್ನು ಮುಚ್ಚಬಹುದಿತ್ತು. ಬಾಲ್ಯದಲ್ಲಿ ಎಲ್ಲರಂತೆ ಓಡಿದವನು ಗಂಡಸಾಗುವ ಹೊತ್ತಿಗೆ ಬೇರೆ ಆಗುತ್ತಾನೆ. ಬೆಳೆಯುವುದೂ ಬಾಗುವುದೂ ಒಟ್ಟೊಟ್ಟಿಗೇ ಆಗುತ್ತದೆ. ದೊಡ್ಡವನಾಗುವ ಕಥೆಗೆ ಇದಕ್ಕಿಂತ ಗಟ್ಟಿ ಬುನಾದಿ ಬೇಕೇ?

ದೇಹಕ್ಕೆ ತನ್ನದೇ ತಿಳಿವಳಿಕೆ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ. ಅಂಧರ ಲಿಪಿ ರೂಪಿಸಿದ ಲೂಯಿ ಬ್ರೈಲ್ ಮೂರನೇ ವಯಸ್ಸಿನಲ್ಲಿ, ಕುದುರೆ ಜೀನು ಹೊಲಿಯುವ ಅಪ್ಪನ ಕೆಲಸದ ಕೋಣೆಯಲ್ಲಿ ಆದ ಗಾಯದಿಂದ ಕಣ್ಣು ಕಳೆದುಕೊಂಡ. ಪ್ಯಾರಿಸ್‌ನ ಅಂಧರ ಶಾಲೆಗೆ ಒಬ್ಬ ಸೇನಾಧಿಕಾರಿ ತಂದಿದ್ದ, ಬೆರಳಿನಿಂದ ಮುಟ್ಟಿ ಓದುವ ಚುಕ್ಕಿ ಬರಹದಲ್ಲಿ ಒಂದು ಗುರುತಿಗೆ 12 ಚುಕ್ಕಿ ತನಕ ಇದ್ದವು. ಬೆರಳ ತುದಿಯ ಕೆಳಗೆ ಅದು ಒಮ್ಮೆಗೆ ಹಿಡಿಸುತ್ತಿರಲಿಲ್ಲ. ಬ್ರೈಲ್ ಅದನ್ನು 6ಕ್ಕೆ ಇಳಿಸಿದ. 1824ರಲ್ಲಿ ಅವನಿಗೆ 15 ವರ್ಷ. ಕಣ್ಣಿರುವ ಅಧಿಕಾರಿಗೆ ಹೊಳೆಯದ್ದು ಹುಡುಗನ ಬೆರಳಿಗೆ ಗೊತ್ತಾಯಿತು. ನಿಮ್ಮ ಪಾತ್ರಕ್ಕೂ ಇಂಥ ಒಂದು ತಿಳಿವಳಿಕೆ ಕೊಡಿ. ಪವಾಡದ ಪ್ರತಿಭೆ ಬೇಡ. ನೆಡ್‌ಗೆ ಸೊಟ್ಟ ಭುಜಕ್ಕೆ ಒಳಗೆ ಎಲ್ಲಿ ಹತ್ತಿ ತುಂಬಬೇಕು ಅಂತ ಗೊತ್ತು. ಅಷ್ಟು ಸಾಕು.

ಹೆಜ್ಜೆ 4: ದಾಖಲೆ ಓದುವಾಗ ಬರೆದವರು ಯಾರು ಅಂತ ನೋಡಿ

ಎಲ್ಲರಂತಿಲ್ಲದವರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ತಾವೇ ಅಂಥವರಲ್ಲ. ರಿಚರ್ಡ್‌ಗೆ ಒಂದು ಕೈ ಬತ್ತಿಹೋಗಿತ್ತು ಅಂತ ಅವನು ಸತ್ತ ಮೇಲೆ, ಅವನನ್ನು ಸೋಲಿಸಿದವರ ಕಾಲದಲ್ಲಿ ಬರೆದರು. ಸಿಕ್ಕ ಮೂಳೆಗಳಲ್ಲಿ ಕೈ ಸರಿಯಾಗೇ ಇತ್ತು.

ಜೋಸೆಫ್ ಮೆರಿಕ್ (1862–1890) ಇನ್ನೊಂದು ಪಾಠ. ಮುಖ, ಕೈ ಎಲ್ಲ ಗಂಟುಗಟ್ಟಿ ಬೆಳೆದಿದ್ದ ಲೆಸ್ಟರ್‌ನ ಯುವಕ. ಅವನಿಗೆ ಆಸರೆ ಕೊಟ್ಟ ಲಂಡನ್ನಿನ ಸರ್ಜನ್ ಫ್ರೆಡರಿಕ್ ಟ್ರೀವ್ಸ್ ತನ್ನ ನೆನಪಿನ ಬರಹದಲ್ಲಿ ಅವನ ಹೆಸರನ್ನು ಜಾನ್ ಎಂದೇ ಬರೆದ. ವರ್ಷಗಟ್ಟಲೆ ಗೊತ್ತಿದ್ದವನು! ಮೆರಿಕ್‌ನನ್ನು, ಇಂಥವರನ್ನು ದುಡ್ಡಿಗೆ ಜನರಿಗೆ ತೋರಿಸುವ ಪ್ರದರ್ಶಕರು ಹಿಡಿದೊಯ್ದರು ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. 1884ರಲ್ಲಿ ಬಡವರ ಸರ್ಕಾರಿ ಆಶ್ರಯದಿಂದ ಹೊರಬರಲು ಅವನೇ ಪ್ರದರ್ಶಕನನ್ನು ಸಂಪರ್ಕಿಸಿದ್ದ. ಅಲ್ಲಿನ ಗಂಜಿಗಿಂತ ಟಿಕೆಟ್ಟಿನ ಪಾಲು ಮೇಲು ಅನ್ನಿಸಿತ್ತು. ನಿಮ್ಮ ಕಥೆಯಲ್ಲಿ ಜಾತ್ರೆಯ ಡೇರೆ ಬಂದರೆ ಈ ಲೆಕ್ಕಾಚಾರವೂ ಬರಲಿ. ನೋಡುವವರ ಅಸಹ್ಯ ಒಂದು ಕಡೆ, ದಿನದ ಕೊನೆಗೆ ಎಣಿಸುವ ನಾಣ್ಯ ಇನ್ನೊಂದು ಕಡೆ.

ಹಾಗಾಗಿ ಅವರೇ ಬರೆದದ್ದು ಸಿಕ್ಕರೆ ಬಿಡಬೇಡಿ. ನೆಡ್‌ನ ಕಾಲದಲ್ಲೇ ವಿಲಿಯಂ ಹೇ ಎಂಬ ಗೂನುಬೆನ್ನಿನ, ಐದಡಿಯೂ ತುಂಬದ ಸಂಸತ್ ಸದಸ್ಯ ಇದ್ದ. 1754ರಲ್ಲಿ ತನ್ನ ದೇಹದ ಬಗ್ಗೆಯೇ ಒಂದು ಪ್ರಬಂಧ ಬರೆದ. ದೊಡ್ಡವರ ಸಭೆಯಲ್ಲಿ ಅವನಿಗೆ ಭಯವಿಲ್ಲ. ಸಂತೆ, ಕೋಳಿ ಅಂಕದಂಥ ಗದ್ದಲದ ಗುಂಪಿಗೆ ಸಿಕ್ಕಿಕೊಂಡರೆ ಯಾವ ಕ್ಷಣದಲ್ಲಿ ಅವಮಾನ ಆಗುತ್ತದೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಸಂಸತ್ತಿನಲ್ಲಿ ಕೂರುವವನಿಗೇ ಬೀದಿಯಲ್ಲಿ ಇಷ್ಟು ಭಯ ಅಂದರೆ, ಸಂಬಳವೂ ಇಲ್ಲದ ಹುಡುಗನಿಗೆ?

ಸಾಮಾನ್ಯ ಜನರ ಮಾತು ಬೇಕೆಂದರೆ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ ವಿಚಾರಣಾ ವರದಿಗಳು 1674ರಿಂದ 1913ರವರೆಗೆ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಕದ್ದ ಕೋಟಿನ ಬೆಲೆ, ಜಗಳದಲ್ಲಿ ಬೈದ ಬೈಗುಳ, ಸಾಕ್ಷಿಯವಳು ರಾತ್ರಿ ಎಷ್ಟು ಗಂಟೆಗೆ ಬಾಗಿಲು ಹಾಕಿದಳು, ಎಲ್ಲ ಇದೆ. ಓದುತ್ತಾ ಕೂತರೆ ಬರೆಯುವುದೇ ಮರೆತುಹೋಗುತ್ತದೆ, ಅಷ್ಟೇ ಅಪಾಯ.

ಹೆಜ್ಜೆ 5: ಆ ಕಾಲಕ್ಕೆ ಗೊತ್ತಿಲ್ಲದ್ದನ್ನು ಪಾತ್ರಕ್ಕೆ ಹೇಳಿಕೊಡಬೇಡಿ

ಎಕ್ಸ್‌ರೇ ಬಂದದ್ದು 1895ರಲ್ಲಿ. ನೆಡ್‌ನ ಬೆನ್ನಿನೊಳಗೆ ಏನಾಗಿದೆ ಅಂತ ಬದುಕಿದ್ದಾಗ ನೋಡಿದವರಿಲ್ಲ. ಅವನಿಗೆ ಗೊತ್ತಿರುವುದು ನೋವು, ಅಳತೆ, ಕನ್ನಡಿ, ಜನ ಹೇಳಿದ ಕಾರಣ. ಕೂರುವ ರೀತಿ ಸರಿಯಿಲ್ಲ ಅಂತ ಒಬ್ಬರು, ಹುಟ್ಟುವ ಮುಂಚೆ ತಾಯಿ ಏನನ್ನೋ ನೋಡಿ ಹೆದರಿದಳು ಅಂತ ಇನ್ನೊಬ್ಬರು. 1741ರಲ್ಲಿ ಪ್ಯಾರಿಸ್‌ನ ವೈದ್ಯ ನಿಕೊಲಾಸ್ ಆಂದ್ರಿ ಮಕ್ಕಳ ಮೈ ನೆಟ್ಟಗೆ ಮಾಡುವ ಬಗ್ಗೆ ಪುಸ್ತಕ ತಂದ. ಎರಡೇ ವರ್ಷದಲ್ಲಿ ಅದು ಇಂಗ್ಲಿಷಿಗೂ ಬಂತು. ಸೊಟ್ಟ ಗಿಡವನ್ನು ನೆಟ್ಟನೆಯ ಗೂಟಕ್ಕೆ ಹಗ್ಗ ಸುತ್ತಿ ಕಟ್ಟಿದ ಚಿತ್ರ ಅದರಲ್ಲಿದೆ. ಅಂಥ ಚಿತ್ರ ನೋಡಿ ಬಂದ ಗಿರಾಕಿಯೊಬ್ಬಳು ನೆಡ್‌ಗೆ ಬಿಗಿಯಾದ ಕಟ್ಟು ಸೂಚಿಸಬಹುದು. ಅವಳ ಮನಸ್ಸು ಒಳ್ಳೆಯದು, ನೋವು ಮಾತ್ರ ಇವನಿಗೆ.

ಭಾಷೆಯದೂ ಇದೇ ನಿಯಮ. ಪಾತ್ರಗಳು ಆ ಕಾಲದ ಒರಟು ಮಾತು ಆಡಲಿ, ನಿರೂಪಕ ಆಡುವುದು ಬೇಡ. ನಿರೂಪಕನಿಗೆ ಅವನು ನೆಡ್, ಅಷ್ಟೇ.

ಹೆಜ್ಜೆ 6: ಬೆಳೆಯುವುದಕ್ಕೆ ಒಂದು ಗಡುವು ಕೊಡಿ, ಒಂದು ತಪ್ಪನ್ನೂ ಕೊಡಿ

ಪ್ರತಿ ಕಾಲಕ್ಕೂ ದೊಡ್ಡವರಾಗುವ ಗುರುತು ಬೇರೆ. ನೆಡ್‌ಗೆ ಕೆಲಸ ಕಲಿಯಲು ಯಜಮಾನನ ಜೊತೆ ಮಾಡಿಕೊಂಡ ಕರಾರು ಪತ್ರವೇ ಗುರುತು. ಸಾಮಾನ್ಯವಾಗಿ ಏಳು ವರ್ಷ. ಆ ಏಳು ವರ್ಷ ಮದುವೆ ಆಗುವಂತಿಲ್ಲ, ಜೂಜಾಡುವಂತಿಲ್ಲ, ಹೆಂಡದಂಗಡಿಯಲ್ಲಿ ಕಾಲ ಕಳೆಯುವಂತಿಲ್ಲ ಅಂತ ಪತ್ರದಲ್ಲೇ ಇರುತ್ತಿತ್ತು. 1748ಕ್ಕೆ ಏಳು ಸೇರಿಸಿದರೆ 1755. ನೆಡ್‌ಗೆ ಆಗ 21. ಕಾದಂಬರಿಯ ಉದ್ದ ತಾನಾಗಿಯೇ ಬಂತು. ಮುರಿಯಲು ಮೂರು ನಿಯಮಗಳೂ ಬಂದವು. ಇಷ್ಟು ವರ್ಷ ಏಕವಚನದಲ್ಲಿ ಕೂಗುತ್ತಿದ್ದ ಗಿರಾಕಿ ಮೊದಲ ಸಲ ಬಹುವಚನಕ್ಕೆ ಬರುವ ಪುಟ ಯಾವುದು ಅಂತಲೂ ಈಗಲೇ ಯೋಚಿಸಿಡಿ.

ತಪ್ಪಿನ ವಿಷಯ ಮುಖ್ಯ. ನೊಂದವನು ಒಳ್ಳೆಯವನೇ ಆಗಿರಬೇಕು ಅನ್ನುವ ಆಸೆ ನಮ್ಮಲ್ಲಿ ಬಲವಾಗಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಚಾಂಗ್ ಮತ್ತು ಎಂಗ್ 1811ರಲ್ಲಿ ಸಯಾಮಿನಲ್ಲಿ (ಇಂದಿನ ಥಾಯ್ಲೆಂಡ್) ಹುಟ್ಟಿದ ಅಂಟಿಕೊಂಡ ಅವಳಿಗಳು. 1829ರಲ್ಲಿ ಪ್ರದರ್ಶನಕ್ಕೆಂದು ಅವರನ್ನು ಅಮೆರಿಕಕ್ಕೆ ತಂದರು. 21 ತುಂಬಿದಾಗ ಮಾಲೀಕರನ್ನು ಬಿಟ್ಟು ತಾವೇ ಪ್ರದರ್ಶನ ನಡೆಸಲು ಶುರುಮಾಡಿದರು. ಇಲ್ಲಿಗೆ ನಿಲ್ಲಿಸಿದರೆ ಚಂದದ ಕಥೆ. ಆದರೆ ಆಮೇಲೆ ನಾರ್ತ್ ಕ್ಯಾರೊಲಿನಾದಲ್ಲಿ ಜಮೀನು ಕೊಂಡು, 1843ರಲ್ಲಿ ಅಕ್ಕತಂಗಿಯರನ್ನು ಮದುವೆಯಾಗಿ, ಗುಲಾಮರನ್ನೂ ಇಟ್ಟುಕೊಂಡರು. ಒಂದು ಕಾಲಕ್ಕೆ ಬೇರೆಯವರ ಸೊತ್ತಿನ ಹಾಗೆ ಬದುಕಿದವರು! ಈ ತಿರುವನ್ನು ಯಾವ ಕಾದಂಬರಿಕಾರನೂ ಸುಲಭವಾಗಿ ಕಟ್ಟಲಾರ, ಕಟ್ಟಿದರೂ ಓದುಗರು ನಂಬುವುದು ಕಷ್ಟ.

ನೆಡ್ ಇಷ್ಟು ದೊಡ್ಡ ಅನ್ಯಾಯ ಮಾಡಬೇಕಾಗಿಲ್ಲ. ಕುಂಟುಕಾಲಿನ ಗೆಳೆಯನಿಗೆ ಬರಬೇಕಿದ್ದ ಅವಕಾಶವನ್ನು ಅವನು ಕಸಿದುಕೊಳ್ಳಲಿ. ಮುಂದಿನ ಕೋಣೆಗೆ ಒಬ್ಬನನ್ನೇ ಕರೆಯುತ್ತಾರೆ ಅಂತ ಗೊತ್ತಿದ್ದೂ.

ಹೆಜ್ಜೆ 7: ಮೂರು ಮುಕ್ತಾಯಗಳನ್ನು ಮೊದಲೇ ಹೊಡೆದುಹಾಕಿ

ಗುಣವಾಗುವುದು, ಸಾಯುವುದು, ಬೇರೆಯವರಿಗಾಗಿ ತ್ಯಾಗ ಮಾಡುವುದು. ಮೂರರಲ್ಲೂ ಬರಹಗಾರ ಆ ದೇಹದಿಂದ ಪಾರಾಗುತ್ತಾನೆ. ಪಾತ್ರಕ್ಕೆ ಇಪ್ಪತ್ತೊಂದನೇ ವರ್ಷದ ಮರುದಿನ ಒಂದು ಇರಬೇಕು. ನೆಡ್ ಅದೇ ಬೆನ್ನಿನೊಂದಿಗೆ ಸ್ವಂತ ಅಂಗಡಿ ಇಡುತ್ತಾನೋ, ಬೇರೆಯವರ ಹಲಗೆಯ ಮೇಲೆಯೇ ಕೂರುತ್ತಾನೋ ನಿಮಗೆ ಬಿಟ್ಟದ್ದು. ಬಾಡಿಗೆ, ಗಿರಾಕಿ, ಕಣ್ಣಿನ ದೃಷ್ಟಿ ಇವೆಲ್ಲ ಲೆಕ್ಕಕ್ಕೆ ಬರಲಿ. ಮಂದ ಬೆಳಕಿನಲ್ಲಿ ಹೊಲಿದು ಹೊಲಿದು ದರ್ಜಿಗಳ ಕಣ್ಣು ಬೇಗ ಹಾಳಾಗುತ್ತಿತ್ತು.

ಹೆಜ್ಜೆ 8: ಆ ದೇಹ ಇರುವವರಿಗೆ ಓದಲು ಕೊಡಿ

ಕರಡು ಮುಗಿದ ಮೇಲೆ ಕೊಡಿ, ಅರ್ಧದಲ್ಲಿ ಬೇಡ. ಬೆನ್ನು ಬಾಗಿದ ಪಾತ್ರವಾದರೆ ಹಾಗೆ ಬೆನ್ನು ಬಾಗಿದವರು ಇಬ್ಬರಾದರೂ ಓದಲಿ. ಅವರ ಸಮಯಕ್ಕೆ ದುಡ್ಡು ಕೊಡಲು ಸಾಧ್ಯವಾದರೆ ಕೊಡಿ. "ನಿಮಗೆ ನೋವಾಯಿತಾ?" ಅಂತ ಕೇಳಿದರೆ ಹೆಚ್ಚಿನವರು ದಾಕ್ಷಿಣ್ಯಕ್ಕೆ ಇಲ್ಲ ಅನ್ನುತ್ತಾರೆ. ಅದರ ಬದಲು ಸಣ್ಣ ಪ್ರಶ್ನೆ ಕೇಳಿ. ಇವನು ಈ ಮಗ್ಗುಲಿಗೆ ಮಲಗಲು ಆಗುತ್ತದಾ? ಇಷ್ಟು ಹೊತ್ತು ಹೀಗೆ ಕೂತರೆ ಮೊದಲು ಜೋಮು ಹಿಡಿಯುವುದು ಎಲ್ಲಿ? ಬೀದಿಯಲ್ಲಿ ಮಗು ಕೈ ತೋರಿಸಿದಾಗ ನಿಜವಾಗಿ ಏನು ಮಾಡುತ್ತೀರಿ? ಉತ್ತರಗಳಲ್ಲಿ ಅರ್ಧ ನೀವು ಬರೆದದ್ದಕ್ಕೆ ಉಲ್ಟಾ ಇರುತ್ತವೆ. ಮೊದಲು ಅವರು ಗೆರೆ ಎಳೆದ ಪುಟಗಳನ್ನು ತಿದ್ದಿ. ಗುಂಡಿ, ನಾಣ್ಯ, ತಾರೀಖುಗಳ ತಪ್ಪನ್ನು ಕೊನೇ ಸುತ್ತಿನಲ್ಲಿ ನೋಡಿಕೊಂಡರಾಯಿತು.